ಪುಲ್ಪಿಟ್ ಅಂಕಲ್

ಮದುವೆಗೆ ಹೋದವರು ಮದುಮಗಳ ಸೀರೆ ನೋಡುತ್ತಾರೆ, ಬಿರಿಯಾನಿಯಲ್ಲಿ ತುಂಡು ಎಷ್ಟು ಬಿದ್ದಿದೆ ಎಂದು ನೋಡುತ್ತಾರೆ. ಪುಲ್ಪಿಟ್ ಅಂಕಲ್ ಬಗ್ಗಿ ಬೆಂಚಿನ ಅಡಿ ನೋಡುತ್ತಾರೆ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಪಕ್ಕದವರಿಗೆ ತೀರ್ಪು ಒಪ್ಪಿಸುತ್ತಾರೆ: "ಕಾಲು ತೇಗ, ಹಲಗೆ ಬೇರೆ." ಅಷ್ಟರಲ್ಲಿ ವಧೂವರರು ಉಂಗುರ ಬದಲಾಯಿಸಿಕೊಂಡು ಮುಗಿದಿರುತ್ತದೆ.

ಸಿಎಸ್‌ಐನ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ, ಯಾವ ಸಭೆಗೆ ಹೋದರೂ ಇಂಥವರೊಬ್ಬರು ಕಮಿಟಿಯಲ್ಲಿ ಇದ್ದೇ ಇರುತ್ತಾರೆ. ಕೊಯಮತ್ತೂರು, ತಿರುಪ್ಪೂರು ಕಡೆ ಇವರ ಸಂತತಿ ಸ್ವಲ್ಪ ಜಾಸ್ತಿ. ಇಲ್ಲಿ ಪಂಪೋ ಗ್ರೈಂಡರೋ ಬನಿಯನ್ನೋ ಏನಾದರೊಂದು ಮಾಡದೆ ಸುಮ್ಮನೆ ಕೂತವನನ್ನು ಜನ ಕಾಯಿಲೆಯವನು ಅಂದುಕೊಳ್ಳುತ್ತಾರೆ. ಹಾಗಾಗಿ ರಿಟೈರಾದವರೆಲ್ಲ ದೇವರ ಮನೆಯಲ್ಲೇ ಏನಾದರೂ ಕೆಲಸ ಎತ್ತಿಕೊಳ್ಳುತ್ತಾರೆ. ಅಂಕಲ್ ಎತ್ತಿಕೊಂಡದ್ದು ಮರಗೆಲಸ. ಅವರ ಜಿಪ್ಪು ಹಾಕಿದ ಚರ್ಮದ ಕವರಿನಲ್ಲಿ ಸತ್ಯವೇದ, ಕೀರ್ತನೆ ಪುಸ್ತಕ, ಐದು ಮೀಟರಿನ ಟೇಪು ಮೂರೂ ಒಟ್ಟಿಗೆ ಇರುತ್ತವೆ. ಉಪದೇಶದ ಹೊತ್ತಿನಲ್ಲಿ ಜಿಪ್ಪಿನ ಸದ್ದಾದರೆ ವಚನ ಹುಡುಕುತ್ತಿದ್ದಾರೆ ಅಂದುಕೊಳ್ಳಬೇಡಿ.

ಅವರ ಮನೆಮಾತು ಕನ್ನಡ. ಅಜ್ಜ ಕೊಳ್ಳೇಗಾಲದಿಂದ ಬಂದು ಇಲ್ಲಿಯ ಮಿಲ್ಲು ಸೇರಿದವರು. ಯಾರಾದರೂ "ವಲಸೆ ಬಂದವರಾ?" ಅಂದರೆ ಅಂಕಲ್‌ಗೆ ಮೂಗಿನ ತುದಿಗೇ ಕೋಪ. "ಯಾವ ವಲಸೆ? ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೇಲೇ ಇತ್ತು ಕಣಪ್ಪ. 1956ರಲ್ಲಿ ತಾಲ್ಲೂಕೇ ಎದ್ದು ಮೈಸೂರಿಗೆ ಹೋಯ್ತು. ನಾವು ಕೂತಲ್ಲೇ ಇದೀವಿ." ಸುಳ್ಳೇನಲ್ಲ. ಬಲಗಡೆ ಮೂರನೇ ಬೆಂಚು, ಫ್ಯಾನಿನ ಕೆಳಗೆ, ಅಜ್ಜ ಕೂತ ಜಾಗದಲ್ಲೇ ಇವತ್ತೂ ಕೂರುತ್ತಾರೆ.

ಹೊಸ ಸಾಮಾನು ಮಾಡಿಸುವ ಪ್ರಸಂಗ ಬಂದದ್ದು ಗೆದ್ದಲಿನಿಂದ. ಸಭಾಪಾಲಕರು ನರಕದ ವಿಷಯ ಹೇಳುವ ಭರದಲ್ಲಿ ಪುಲ್ಪಿಟ್ಟನ್ನು ಗುದ್ದಿದರು. ಅದರ ಹೊಟ್ಟೆಯಿಂದ ಒಂದು ಹಿಡಿ ಹಿಟ್ಟು ನೆಲಕ್ಕೆ ಸುರಿಯಿತು. ಸಭೆಯಲ್ಲಿ ಅಂದು ನಿಜವಾಗಿ ನಡುಗಿದವರು ಅಂಕಲ್ ಒಬ್ಬರೇ. ಮುಂದಿನ ಕಮಿಟಿಯಲ್ಲಿ ಪುಲ್ಪಿಟ್, ಪ್ರಭುಭೋಜನದ ಮೇಜು, ಮೊಣಕಾಲೂರುವ ಕಟಕಟೆ, ಬಿಷಪರ ಕುರ್ಚಿ, ಜ್ಞಾನಸ್ನಾನದ ತೊಟ್ಟಿ, ಅಷ್ಟಕ್ಕೂ ಠರಾವು ಪಾಸಾಯಿತು. ಗೆದ್ದಲು ತಿಂದದ್ದು ಒಂದನ್ನು, ಕಮಿಟಿ ತೆಗೆದುಹಾಕಿದ್ದು ಐದನ್ನು.

ಮರದ ಡಿಪೊದಲ್ಲಿ ಅಂಕಲ್‌ರನ್ನು ನೋಡಬೇಕು. ಮೆಟ್ಟುಪಾಳ್ಯದ ಸಾ ಮಿಲ್ಲೊಂದಕ್ಕೆ ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಹೋಗಿದ್ದರು. ಹಲಗೆಯೊಂದನ್ನು ಬಿಸಿಲಿಗೆ ಎಳೆಸಿ, ಹೆಬ್ಬೆರಳಿಗೆ ಎಂಜಲು ಹಚ್ಚಿ ಅದರ ಮೈಮೇಲೆ ಉಜ್ಜಿದರು. ಒದ್ದೆಯಾದ ಕಡೆ ಗೆರೆಗಳು ಕಂದು ಬಣ್ಣಕ್ಕೆ ಎದ್ದು ಬಂದವು. ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ಮೂಸಿದರು. "ಚೇಗು ಎಷ್ಟು, ಬಿಳಿ ಎಷ್ಟು ನೋಡು ತಮ್ಮ. ಈ ಬಿಳೀನೇ ಹುಳಕ್ಕೆ ಊಟ." ಡಿಪೊ ಮಾಲೀಕರು ಕೊಂಗುನಾಡಿನ ವಿನಯದಲ್ಲಿ "ಆಮಾಂಗ, ಆಮಾಂಗ" ಅನ್ನುತ್ತಾ ಅದು ಅಸಲಿ ಬರ್ಮಾ ತೇಗ ಎಂದರು. ಅಂಕಲ್ ನಿಧಾನಕ್ಕೆ ಕನ್ನಡಕ ಇಳಿಸಿದರು. ಬರ್ಮಾದವರು 2014ರ ಏಪ್ರಿಲ್‌ನಿಂದಲೇ ದಿಮ್ಮಿಗಳನ್ನು ಹೊರದೇಶಕ್ಕೆ ಬಿಡುವುದು ನಿಲ್ಲಿಸಿದ್ದಾರೆ, ಇದು ಯಾವ ಹಡಗಿನಲ್ಲಿ ಬಂತು ಎಂದು ಕೇಳಿದರು. ಮಾಲೀಕರು ಅದು ಹಳೆಯ ಸ್ಟಾಕು ಎಂದರು. ದಿಮ್ಮಿಯ ತುದಿಯಲ್ಲಿ ಬಣ್ಣ ಇನ್ನೂ ಹಸಿಯಾಗಿತ್ತು. ಕೊನೆಗೆ ಆಫ್ರಿಕಾ ತೇಗಕ್ಕೆ ಮಾತು ಇಳಿದು, ಚೌಕಾಸಿಯಲ್ಲಿ ಘನ ಅಡಿಗೆ ಇನ್ನೂರು ರೂಪಾಯಿ ಕಡಿಮೆಯಾಯಿತು.

ವಾಪಸು ಬರುವಾಗ ದಾರಿಯುದ್ದಕ್ಕೂ ಟಾಪ್‌ಸ್ಲಿಪ್‌ನ ಗುಣಗಾನ. ಆನಮಲೈಯ ಆ ಬೆಟ್ಟದಿಂದ ಬ್ರಿಟಿಷರು ತೇಗದ ದಿಮ್ಮಿಗಳನ್ನು ಕೆಳಕ್ಕೆ ಜಾರಿಸುತ್ತಿದ್ದರು; ಕಡಿದು ಬೋಳಾದ ಕಾಡನ್ನು ಮತ್ತೆ ಬೆಳೆಸಿದ ಅರಣ್ಯಾಧಿಕಾರಿ ಹ್ಯೂಗೊ ವುಡ್ 1933ರಲ್ಲಿ ತೀರಿಕೊಂಡ ಮೇಲೆ ಅಲ್ಲೇ ಮಣ್ಣಾದರು. ಸಭೆಯ ಪಿಕ್ನಿಕ್ಕಿಗೆ ಅಲ್ಲಿಗೆ ಹೋದಾಗ ಮಿಕ್ಕವರು ಆನೆ ನೋಡಲು ಓಡುತ್ತಾರೆ. ಅಂಕಲ್ ಸಮಾಧಿಯ ಮುಂದೆ ಟೋಪಿ ತೆಗೆದು ನಿಲ್ಲುತ್ತಾರೆ. ಈಗ ಅದು ಹುಲಿ ಮೀಸಲು ಕಾಡು, ಒಂದು ಕಡ್ಡಿಯನ್ನೂ ಎತ್ತುವ ಹಾಗಿಲ್ಲ. ಈ ಕಾನೂನಿಗೆ ಅಂಕಲ್ ಪೂರ್ತಿ ಒಪ್ಪಿಗೆ ಕೊಡುತ್ತಾರೆ, ನಿಟ್ಟುಸಿರಿನ ಜೊತೆ.

ಮರ ಸಿಕ್ಕಿತು, ಜಗಳ ಶುರುವಾಯಿತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಮೆಥೊಡಿಸ್ಟರು, ಹಳೆಯ ಲಂಡನ್ ಮಿಷನ್ ಕಡೆಯವರು ಎಲ್ಲ ಸೇರಿ ಸಿಎಸ್‌ಐ ಆದರು ಎಂದು ಚರಿತ್ರೆಯ ಪುಸ್ತಕದಲ್ಲಿದೆ. ಹೃದಯಗಳು ಸೇರಿದ್ದು ನಿಜ. ಪೀಠೋಪಕರಣಗಳು ಇನ್ನೂ ಸೇರಬೇಕು. 1830ರಲ್ಲೇ ಕೊಯಮತ್ತೂರಿಗೆ ಬಂದ ಲಂಡನ್ ಮಿಷನ್ನಿನ ವಂಶಸ್ಥರಿಗೆ ಸಾದಾ ಮೇಜು ಸಾಕು. ಆಂಗ್ಲಿಕನ್ ಮೂಲದವರಿಗೆ ಮೆಟ್ಟಿಲು, ಕಟಕಟೆ, ಕೆತ್ತನೆ ಎಲ್ಲ ಬೇಕು. ಇವರಿಬ್ಬರ ನಡುವೆ ಗ್ರೈಂಡರ್ ಫ್ಯಾಕ್ಟರಿಯ ದಾನಿಯೊಬ್ಬರು ಕೈಯೆತ್ತಿದರು. ಊತುಕುಳಿಯ ಗ್ರಾನೈಟಿನಲ್ಲಿ ತೊಟ್ಟಿಯನ್ನೂ ಮೇಜಿನ ಬದಲು ಬಲಿಪೀಠವನ್ನೂ ಕಡೆಸಿಕೊಡುತ್ತಾರಂತೆ, ಗ್ರೈಂಡರಿನ ಕಲ್ಲು ಅಲ್ಲಿಯದೇ, ನೂರು ವರ್ಷ ಸವೆಯುವುದಿಲ್ಲವಂತೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಎದ್ದು ನಿಂತರು. 1845ರಲ್ಲಿ ಕೇಂಬ್ರಿಜ್‌ನ ಒಂದು ಚರ್ಚಿನಲ್ಲಿ ಕಲ್ಲಿನ ಬಲಿಪೀಠ ಕಟ್ಟಿಸಿದ್ದಕ್ಕೆ ಮೊಕದ್ದಮೆಯೇ ಆಗಿ, ಅದು ಮರದ್ದಿರಬೇಕು, ಅಲುಗಾಡಿಸಲು ಬರುವಂತಿರಬೇಕು ಎಂದು ಚರ್ಚ್ ಕೋರ್ಟು ತೀರ್ಪು ಕೊಟ್ಟಿದೆ ಎಂದು ವಿವರಿಸಿದರು. ದಾನಿ ಸಾವಧಾನವಾಗಿ ಕೇಳಿ, "ಅಲುಗಾಡಬೇಕು ಅಷ್ಟೇ ತಾನೇ? ಟಿಲ್ಟಿಂಗ್ ಮಾಡೆಲ್ ಕೊಡೋಣ" ಎಂದರು. ಕಲ್ಲು ತೊಟ್ಟಿಗೆ ಮಾತ್ರ ಎಂದು ಅಲ್ಲಿಗೆ ಇತ್ಯರ್ಥವಾಯಿತು.

ಕಟಕಟೆ ಬೇಕೇ ಬೇಡವೇ ಎನ್ನುವುದನ್ನು ನಾಯಿ ತೀರ್ಮಾನಿಸಿತು. ಇಂಗ್ಲೆಂಡಿನ ನಾರಿಚ್‌ನಲ್ಲಿ 1636ರಲ್ಲಿ ಬಿಷಪ್ ರೆನ್ ಎಂಬವರು ನಾಯಿ ನುಗ್ಗದಷ್ಟು ಒತ್ತಾಗಿ ಕಂಬಿ ನಿಲ್ಲಿಸಿ ಎಂದು ಆಜ್ಞೆ ಮಾಡಿದ್ದರು ಎಂದು ಮೇಷ್ಟ್ರು ಹೇಳುತ್ತಿದ್ದ ಹೊತ್ತಿಗೆ, ನಮ್ಮ ಗೇಟಿನ ಟೀ ಅಂಗಡಿಯ ಕರಿನಾಯಿ ಒಳಗೆ ಬಂದು ಕಟಕಟೆ ಬರಬೇಕಾದ ಜಾಗದಲ್ಲೇ ಮೈಚಾಚಿತು. ಲಂಡನ್ ಮಿಷನ್ ಪಕ್ಷ ನಿರುತ್ತರವಾಯಿತು. ಅಂಕಲ್ ಆಗಲೇ ಟೇಪು ಹಿಡಿದು ನಾಯಿಯ ಅಗಲ ಅಳೆಯುತ್ತಿದ್ದರು.

ಮೇಜಿನ ಎತ್ತರದ್ದು ಇನ್ನೊಂದು ಕಥೆ. ಸಿಎಸ್‌ಐನ 1950ರ ಆರಾಧನಾ ಕ್ರಮದ ಪ್ರಕಾರ ಸಭಾಪಾಲಕರು ಮೇಜಿನ ಹಿಂದೆ, ಜನರಿಗೆ ಮುಖಮಾಡಿ ನಿಲ್ಲುತ್ತಾರೆ. ಈಗಿನ ಅಯ್ಯನವರು ಗಿಡ್ಡ. ಮೇಜು ಮೂರು ಅಡಿ ದಾಟಿದರೆ ರೊಟ್ಟಿ ಕಾಣುತ್ತದೆ, ಅಯ್ಯನವರು ಕಾಣುವುದಿಲ್ಲ. ಆದರೆ ಅಯ್ಯನವರಿಗೆ ವರ್ಗವಾಗುತ್ತದೆ, ಮೇಜಿಗೆ ಆಗುವುದಿಲ್ಲ. ಆಚಾರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಕೆಳಗೊಂದು ಮಣೆ ಮಾಡಿಬಿಡೋಣ ಎಂದ. ಕಮಿಟಿಗೆ ಹೊಳೆಯದ್ದು ಆಚಾರಿಗೆ ಯಾವಾಗಲೂ ಹೊಳೆಯುತ್ತದೆ. ಕಾರಣ, ಅವನಿಗೆ ಓಟಿಲ್ಲ.

ಇನ್ನು ಹಣ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿ ಹದಿನೈದು ಸಾವಿರಕ್ಕೆ ಹೋಗುತ್ತದೆ, ನಿಜ. ಆದರೆ ದೊಡ್ಡ ಮೊತ್ತ ಬರುವುದು ಹಿತ್ತಾಳೆ ಫಲಕದಿಂದ. "ಪ್ರಿಯ ತಂದೆತಾಯಿಯರ ನೆನಪಿಗಾಗಿ" ಎಂದು ಶುರುವಾಗಿ ಕೊಟ್ಟವರ ಡಿಗ್ರಿಯವರೆಗೂ ಓಡುವ ಫಲಕ. ಯಾವ ಸಾಮಾನು ಎಷ್ಟು ಬೆಲೆಬಾಳುತ್ತದೆ ಎನ್ನುವುದಕ್ಕೆ ಅಂಕಲ್‌ರದ್ದೇ ಒಂದು ಲೆಕ್ಕ. ಪುಲ್ಪಿಟ್ಟಿನ ಮುಂಭಾಗ ಒಳ್ಳೆಯದು, ಆದರೆ ಭಾನುವಾರ ಹೂವಿನ ಸ್ಟ್ಯಾಂಡು ಅಡ್ಡ ಬರುತ್ತದೆ. ಕಟಕಟೆಯ ಮೇಲೆ ಜನ ಮೊಣಕೈ ಊರುತ್ತಾರೆ, ಹೆಸರು ಸವೆಯುತ್ತದೆ. ಎಲ್ಲಕ್ಕಿಂತ ಶ್ರೇಷ್ಠವಾದದ್ದು ಬಿಷಪರ ಕುರ್ಚಿ. "ಬಿಷಪ್ಪು ವರ್ಷಕ್ಕೆ ಒಂದ್ಸಲ ಬತ್ತಾರೆ. ಅವತ್ತೊಂದಿನ ಅವರ ಬೆನ್ನು ಅಡ್ಡ. ಮಿಕ್ಕ ಐವತ್ತೊಂದು ವಾರವೂ ಕುರ್ಚಿ ಖಾಲಿ, ಹೆಸರು ಫಳಫಳ." ಈ ಮಾತಿಗೆ ಮೂರು ಕುಟುಂಬಗಳು ಪೈಪೋಟಿಗೆ ಬಿದ್ದವು. ಒಂದು ಕುರ್ಚಿಗೆ ಮೂರು ಫಲಕ ಹೊಡೆದರೆ ಬಿಷಪರು ಒರಗುವುದೆಲ್ಲಿ ಎಂದು ಮೇಷ್ಟ್ರು ಕೇಳಿದ್ದನ್ನು ಮಿನಿಟ್ಸಿನಲ್ಲಿ ಬರೆಯಲಿಲ್ಲ.

ಪುಲ್ಪಿಟ್ ಯಾರದ್ದಾಯಿತು ಎಂದು ಬೇರೆ ಹೇಳಬೇಕಾಗಿಲ್ಲ. ಅದರ ಮೇಲೆ ಅಂಕಲ್‌ರ ಅಜ್ಜ, ಅಪ್ಪ ಮತ್ತು ಕೊಳ್ಳೇಗಾಲ, ಮೂರಕ್ಕೂ ಜಾಗ ಸಿಕ್ಕಿದೆ.

ಯಾರಿಗೂ ಬೇಡವಾದದ್ದು ಮೇಜು. ಎಲ್ಲರ ಕಣ್ಣೂ ನೆಡುವ ಸಾಮಾನು ಅದೇ. ಆದರೆ ಮೇಲಿನಿಂದ ಕೆಳಗಿನವರೆಗೂ ಬಟ್ಟೆ ಮುಚ್ಚುತ್ತದೆ, ಫಲಕ ಹೊಡೆದು ಏನು ಪ್ರಯೋಜನ? ಕೊನೆಗೆ ಸ್ತ್ರೀಯರ ಸಂಘದವರು ವಹಿಸಿಕೊಂಡರು. ಅಡುಗೆಗೆ ಅಕ್ಕಿ ಹಾಕುವಾಗ ಒಂದೊಂದು ಹಿಡಿ ತೆಗೆದಿಟ್ಟು ಮಾರಿದ ದುಡ್ಡು ಅವರಲ್ಲಿತ್ತು. ಅಂಕಲ್‌ಗೆ ನಿದ್ದೆಯಿಲ್ಲ. ಹೆಸರಿಲ್ಲದ ಸಾಮಾನು ರಿಜಿಸ್ಟರಿನಲ್ಲಿ ಹೇಗೆ ಏರಿಸುವುದು? "ಎಲ್ಲರ ಹೆಸರೂ ಒಳಗಡೇಲಾದ್ರೂ ಬರೆಸಿ ಬುಡಮ್ಮ" ಎಂದು ಕಾರ್ಯದರ್ಶಿಯಮ್ಮನ ಹಿಂದೆ ಸುತ್ತಿದರು. ಆಯಮ್ಮ, ಯಾರ ಹಿಡಿ ಎಷ್ಟು ದೊಡ್ಡದಿತ್ತು ಎಂದು ಈಗ ಅಳೆಯುವವರು ಯಾರು, ನಿಮ್ಮ ಟೇಪು ಅಕ್ಕಿಗೆ ನಡೆಯುತ್ತದಾ ಅಣ್ಣಾ, ಎಂದು ಕೇಳಿದರು.

ಬಟ್ಟೆ ಕೊಟ್ಟದ್ದು ತಿರುಪ್ಪೂರಿನ ಎಕ್ಸ್‌ಪೋರ್ಟರ್ ಒಬ್ಬರು. ಬಿಳಿ, ನೇರಳೆ, ಹಸಿರು, ಕೆಂಪು, ನಾಲ್ಕು ಕಾಲಕ್ಕೆ ನಾಲ್ಕು. ಒಳ್ಳೆಯ ಇಂಟರ್‌ಲಾಕ್, 220 ಜಿಎಸ್‌ಎಂ. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ, ಆದ್ದರಿಂದ ಮೇಜಿನ ಅಳತೆಯನ್ನೇ ಅವರು ಕೇಳಿರಲಿಲ್ಲ. ಪ್ರತಿಷ್ಠೆಯ ಹಿಂದಿನ ಸಂಜೆ ಹಾಸಿ ನೋಡಿದಾಗ ಅಂಚಿನ ಮೂಲೆಯಲ್ಲಿ ಕಾರ್ಖಾನೆಯ ಹುಡುಗಿಯರು ಅಭ್ಯಾಸಬಲದಿಂದ ಹೊಲಿದ ಲೇಬಲ್ ಸಿಕ್ಕಿತು: ಕಂಪನಿಯ ಹೆಸರು, ಸೈಜು ಡಬಲ್ ಎಕ್ಸ್ಎಲ್, ಬ್ಲೀಚ್ ಹಾಕಬಾರದು. ಅಂಕಲ್ ಮುಖ ಅರಳಿತು. "ಇರ್ಲಿ ಬುಡಮ್ಮ, ಒಂದು ಹೆಸರು ಅಂತ ಬಂತಲ್ಲ." ಕಾರ್ಯದರ್ಶಿಯಮ್ಮ ಆಗಲೇ ಕತ್ತರಿ ತೆಗೆದಿದ್ದರು. ಲೇಬಲ್ ಕತ್ತರಿಸಿ ಅಂಕಲ್ ಕೈಯಲ್ಲಿಟ್ಟು, "ತಗೊಳ್ಳಿ ಅಣ್ಣಾ, ಪುಲ್ಪಿಟ್ ಮೇಲೆ ಇನ್ನೂ ಜಾಗ ಇದೆಯಲ್ಲ" ಅಂದರು.