ಬತ್ತಿ ಕಟ್ಟಿದ ಪಾದುಕೆ

ದೀಪದ ಬತ್ತಿಗೆ ಬೆಳಗುವುದೊಂದೇ ಧರ್ಮವೆಂದು ನಂಬಿ ಬೆಳೆದ ನನಗೆ, ಕೆನಡಾದ ಉತ್ತರಾರಣ್ಯಗಳಲ್ಲಿ ಅದೇ ಬತ್ತಿ ಮನುಷ್ಯನ ಕಾಲು ಹಿಡಿಯುವುದಕ್ಕೂ ಒಪ್ಪಿಕೊಂಡಿದೆಯೆಂದು ತಿಳಿದಾಗ ಆದ ವಿಸ್ಮಯ ಅಷ್ಟಿಷ್ಟಲ್ಲ. ಕ್ರೀ, ಒಜಿಬ್ವೆ ಮೊದಲಾದ ಮೂಲನಿವಾಸಿಗಳು ಮರದ ಪಟ್ಟಿಯನ್ನು ಬಗ್ಗಿಸಿ, ಹಸಿದೊಗಲಿನ ಎಳೆಗಳಿಂದ ಜಾಲ ಹೆಣೆದು ರಚಿಸುವ ಹಿಮಪಾದುಕೆಯು, ನಮ್ಮ ಮೊರಕ್ಕೂ ಮೀನುಬಲೆಗೂ ಹುಟ್ಟಿದ ಸಂತಾನದಂತೆ ತೋರಿದರೂ, ದೇಹಭಾರವನ್ನು ಹರಡಿ ಮನುಷ್ಯನನ್ನು ಹಿಮದಲ್ಲಿ ಹೂತುಹೋಗದಂತೆ ಕಾಯುತ್ತದೆ. ಅದಕ್ಕೆ ಪಾದವನ್ನು ಬಂಧಿಸುವ ಪರಿಯೇ ಸ್ವಾರಸ್ಯವಾದುದು: ಅಗಲವಾದ ಹತ್ತಿಯ ಬತ್ತಿಯನ್ನು ಕಾಲ್ಬೆರಳುಗಳ ಮೇಲೆ ಹಾಯಿಸಿ, ಹಿಮ್ಮಡಿಯ ಹಿಂದೆ ಸುತ್ತಿ ಗಂಟಿಕ್ಕಿದರೆ ತೀರಿತು, ಹಿಮ್ಮಡಿ ಸರ್ವತಂತ್ರಸ್ವತಂತ್ರ, ಬೆರಳ ತುದಿ ಮಾತ್ರ ಜಾಲದ ಕಿಂಡಿಯಲ್ಲಿ ಹೆಜ್ಜೆಹೆಜ್ಜೆಗೂ ತಲೆಬಾಗುತ್ತದೆ. ಚರ್ಮದ ಪಟ್ಟಿಯಾದರೋ ನೆನೆದರೆ ಹಿಗ್ಗುವುದು, ಹೆಪ್ಪುಗಟ್ಟಿದರೆ ಸೆಟೆಯುವುದು, ಥೇಟು ಹೊಸ ಅಳಿಯನ ಹಾಗೆ. ಬತ್ತಿ ಬೇಡವೆನ್ನುವವರು ಲಾರಿಯ ಹಳೆಯ ಟ್ಯೂಬನ್ನೇ ಕತ್ತರಿಸಿ ತೊಡುವುದುಂಟು.

ಗಡಸು ಬೂಟು ಆ ಜಾಲವನ್ನು ಸವೆಸುವುದರಿಂದ, ಮೂಸ್ ಎಂಬ ಮಹಾಮೃಗದ ತೊಗಲನ್ನು ಹೊಗೆಯಲ್ಲಿ ಹದಗೊಳಿಸಿ ಹೊಲಿದ ಮೆತ್ತನೆಯ ಮೊಕಾಸಿನ್ನೇ ಅದಕ್ಕೆ ತಕ್ಕ ಜೊತೆ. ಒಳಗೆ ಉಣ್ಣೆಯ ಕಾಲುಚೀಲಗಳು. ಒಣಚಳಿಯಲ್ಲಿ ಪರಮಸುಖ, ಹಿಮ ಕರಗತೊಡಗಿತೋ, ನೆನೆದ ಹಪ್ಪಳ! ಚಪ್ಪಲಿಯ ಉಂಗುಷ್ಠ ಕಿತ್ತಾಗ ಪಿನ್ನು ಚುಚ್ಚಿ ಕಚೇರಿಗೆ ಓಡುವ ನಾನು, ಮೊನ್ನೆ ದೇವರಮನೆಯ ಬತ್ತಿಯ ಕಡೆಗೊಮ್ಮೆ ನೋಡಿದೆ; ಮನೆಯಾಕೆ ನನ್ನ ಕಡೆಗೆ ನೋಡಿದಳು.