ಐದು ಕಡ್ಡಿ, ಒಂದು ಕಾಲು

ಮೈಸೂರಿನಂಥ ಊರಿನಲ್ಲಿ ಉಲ್ಲನ್ ಸಾಕ್ಸ್ ಯಾರಿಗೆ ಬೇಕು? ಹೆಂಡತಿ ಕೇಳಿದಳು, ಮಗ ಕೇಳಿದ, ಗ್ಯಾಸ್ ಸಿಲಿಂಡರ್ ತಂದವನೂ ನಿಂತು ಕೇಳಿ ಹೋದ. ಸ್ವೆಟರಿಗಾದರೆ ಡಿಸೆಂಬರಿನ ನೆಪವಿದೆ. ಮಂಕಿ ಕ್ಯಾಪಿಗಂತೂ ಬೆಳಗಿನ ವಾಕಿಂಗಿನಲ್ಲಿ ಸಮವಸ್ತ್ರದ ಗೌರವ. ಸಾಕ್ಸಿಗೆ ಯಾವ ನೆಪವೂ ಇಲ್ಲ. ಅದಕ್ಕೇ ಕಲಿಯಬೇಕೆನ್ನಿಸಿತು. ಬೇಕಾದದ್ದನ್ನೇ ಮಾಡಿ ಮಾಡಿ ರಿಟೈರಾದವನು ನಾನು.

ಗುರು ನಮ್ಮ ದೊಡ್ಡ ಅತ್ತಿಗೆ. ನಾನು ಚಡ್ಡಿ ಹಾಕಿಕೊಂಡು ಓಡಾಡುವಾಗಲೇ ಮನೆಗೆ ಸೊಸೆಯಾಗಿ ಬಂದವರು. ಕಣ್ಣು ಧಾರಾವಾಹಿಯ ಮೇಲಿಟ್ಟು, ಕೈಯಲ್ಲಿ ಹೆಣೆಯುತ್ತಾ, ಬಾಯಲ್ಲಿ ನನ್ನನ್ನು ಬೈಯಬಲ್ಲರು. "ಕುತ್ತಿಗೆ ಹಿಸುಕೋ ಹಾಗೆ ಹಿಡೀಬೇಡ್ವೋ. ಕಡ್ಡಿ ಏನು ನಿನ್ನ ಹಳೇ ಮ್ಯಾನೇಜರಾ?"

ಸ್ವೆಟರಿಗೆ ಎರಡು ಕಡ್ಡಿ ಸಾಕು. ಸಾಕ್ಸಿಗೆ ಎರಡೂ ತುದಿ ಚೂಪಾದ ಐದು ಬೇಕು. ನಾಲ್ಕು ಕಡ್ಡಿಗಳ ಮೇಲೆ 64 ಕುಣಿಕೆಗಳು ಹದಿನಾರು ಹದಿನಾರರಂತೆ ಕೂತಿರುತ್ತವೆ, ಐದನೆಯದು ದುಡಿಯುತ್ತದೆ. ಒಂದರ ಕುಣಿಕೆಗಳೆಲ್ಲ ಅದಕ್ಕೆ ದಾಟಿದವೋ, ಖಾಲಿಯಾದ ಕಡ್ಡಿಗೆ ಮುಂದಿನ ಪಾಳಿ. ನಮ್ಮ ಆಫೀಸಿನಲ್ಲಿ ಇಂಥ ನ್ಯಾಯ ಕಂಡಿರಲಿಲ್ಲ. ಅಲ್ಲೂ ನಾಲ್ವರು ಕೂತು ಒಬ್ಬ ದುಡಿಯುತ್ತಿದ್ದ, ಆದರೆ ದಿನವೂ ಅವನೇ.

ಕಣಕಾಲಿನವರೆಗೆ ಹೆಣೆದದ್ದು ಬರೀ ಕೊಳವೆ. ಅಲ್ಲಿಗೇ ನಿಲ್ಲಿಸಿದರೆ ನೀರಿನ ಬಾಟಲಿಗೆ ತೊಡಿಸಬಹುದು. ಅದು ಸಾಕ್ಸ್ ಆಗುವುದು ಹಿಮ್ಮಡಿಯಲ್ಲಿ. 32 ಕುಣಿಕೆಗಳನ್ನು ಸುಮ್ಮನೆ ಕೂರಿಸಿ, ಉಳಿದ ಅರ್ಧದಲ್ಲೇ ಹಿಂದೆ ಮುಂದೆ ಓಡಾಡಿ ಒಂದು ಪಟ್ಟಿ ಇಳಿಸಬೇಕು. ಆಮೇಲೆ ಅತ್ತಿಗೆಯ ಮಂತ್ರ: "ಮಧ್ಯ ದಾಟು, ಎರಡನ್ನ ಒಂದು ಮಾಡು, ಇನ್ನೊಂದು ಹೆಣಿ, ವಾಪಸ್ ತಿರುಗು." ಸಾಲು ಮುಗಿಯುವ ಮೊದಲೇ ತಿರುಗುವುದೇ? ತುದಿಯಲ್ಲಿ ಅಷ್ಟೊಂದು ಕುಣಿಕೆಗಳು ಕಾಯುತ್ತಾ ಕೂತಿರುವಾಗ? ಕೆಲಸ ಅರ್ಧಕ್ಕೆ ಬಿಟ್ಟರೆ ಅಪ್ಪನ ಕೈಯಲ್ಲಿ ಪೆಟ್ಟು ತಿಂದು ಬೆಳೆದವನಿಗೆ ಇದು ಅಧರ್ಮವೆನ್ನಿಸಿತು. ಆದರೂ ತಿರುಗಿದೆ. ತಿರುಗಿದಾಗಲೆಲ್ಲ ಕಾದಿದ್ದವುಗಳಲ್ಲಿ ಒಂದೊಂದು ಒಳಗೆ ಸೇರುತ್ತಾ ಬಂತು. ಸಪಾಟಾಗಿದ್ದ ಪಟ್ಟಿ ನಾನು ನೋಡುನೋಡುತ್ತಿದ್ದಂತೆ ಬಾಗಿ ಕುಳಿಯಾಯಿತು. ನಾನು ಬಗ್ಗಿಸಿರಲಿಲ್ಲ, ಲೆಕ್ಕ ಬಗ್ಗಿಸಿತ್ತು. ಅಡುಗೆಮನೆಗೆ ಓಡಿದೆ. ಹೆಂಡತಿ ಒಗ್ಗರಣೆಯಿಂದ ತಲೆಯೆತ್ತಿ, "ಹಿಮ್ಮಡಿ ಥರಾನೇ ಇದೆಯಲ್ರೀ!" ಎಂದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಕೆಲಸಕ್ಕೆ ಆಶ್ಚರ್ಯಚಿಹ್ನೆ ಹಾಕಿದ್ದು ಅಪರೂಪ.

ಬೆರಳಿನ ತುದಿಯಲ್ಲಿ ಗೀರು ಕಾಣದಂತೆ ಎರಡು ಸಾಲುಗಳನ್ನು ಬೆಸೆಯುವ ಹೊಲಿಗೆಗೆ ಲಾರ್ಡ್ ಕಿಚನರನ ಹೆಸರಿದೆ. ಭಾರತದ ಸೇನೆಗೆ ದಂಡನಾಯಕನಾಗಿದ್ದು, ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಯುದ್ಧಮಂತ್ರಿಯಾದ ಅದೇ ಪೊದೆಮೀಸೆಯವನು. "ಅವನ ಹೆಂಡತಿ ಕಂಡುಹಿಡಿದಿರ್ತಾಳೆ ಬಿಡು" ಎಂದರು ಅತ್ತಿಗೆ. ಅವನು ಮದುವೆಯೇ ಆಗಿರಲಿಲ್ಲ ಎಂದೆ. "ಹಾಗಾದ್ರೆ ಸರಿ. ಹೊತ್ತು ಹೋಗದೆ ಅವನೇ ಕೂತು ಹೆಣೆದಿರ್ತಾನೆ."

ತೊಟ್ಟು ನೋಡಿದರೆ ಷೂ ಒಳಗೆ ಹೋಗದಷ್ಟು ದಪ್ಪ. ಹವಾಯಿ ಚಪ್ಪಲಿಗೆ ಹೆಬ್ಬೆರಳು ತಡೆ. ಈ ಸಂಕಟ ನನ್ನೊಬ್ಬನದಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಕೆಂಪು ಉಣ್ಣೆಯ ಸಾಕ್ಸ್ ಜೊತೆಯೊಂದಿದೆ, 1,500 ವರ್ಷಗಳಿಗೂ ಹಳೆಯದು. ಚಪ್ಪಲಿಯೊಳಗೆ ತೊಡಲೆಂದು ಅದರ ಮುಂಭಾಗವನ್ನು ಸೀಳಿ, ಹೆಬ್ಬೆರಳಿಗೆ ಬೇರೆಯೇ ಜಾಗ ಮಾಡಿದ್ದಾರೆ. ನಮ್ಮ ಪಾರ್ಕಿನ ಹಿರಿಯರು ಸಾಕ್ಸಿನ ಬಟ್ಟೆಯನ್ನು ಬೆರಳಸಂದಿಗೆ ತುರುಕಿಕೊಂಡು ನಡೆಯುವುದನ್ನು ಆ ಈಜಿಪ್ಟಿನವರು ಕಂಡಿದ್ದರೆ ಮರುಗುತ್ತಿದ್ದರು. ನನಗೂ ಹಾಗೇ ಹೆಣೆಯುವ ಆಸೆಯಾಯಿತು. "ಹೆಬ್ಬೆರಳಿಗೆ ಬೇರೆ ಮನೆ ಆಮೇಲೆ ಮಾಡುವೆಯಂತೆ. ಮೊದಲು ಒಂದು ಜೊತೆ ಮುಗಿಸು" ಎಂದರು ಅತ್ತಿಗೆ.

ಕೊನೆಗೂ ನೆಪ ಸಿಕ್ಕಿತು: ಶ್ರವಣಬೆಳಗೊಳ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಚಪ್ಪಲಿ ಬಿಟ್ಟೇ ಹತ್ತಬೇಕು, ಸಾಕ್ಸಿಗೆ ಅಡ್ಡಿಯಿಲ್ಲ. ಬಂಡೆ ಕಾದಾಗ ಅದೇ ಗತಿಯೆಂದು ಕೆಳಗೆ ಮಾರುವವರೂ ಇರುತ್ತಾರೆ. ಷೂ, ಚಪ್ಪಲಿ ಎರಡರ ಹಂಗೂ ಇಲ್ಲದೆ ಸಾಕ್ಸ್ ತಾನೇ ತಾನಾಗಿ ನಡೆಯುವ ಇಂಥ ಜಾಗ ನಾಡಿನಲ್ಲಿ ಇನ್ನೆಲ್ಲಿದೆ? ಗೆದ್ದವನಂತೆ ಅತ್ತಿಗೆಗೆ ವರದಿ ಒಪ್ಪಿಸಿದೆ.

"ಒಂದೆಳೆ ದಾರವೂ ಬೇಡ ಅಂತ ನಿಂತವನನ್ನ ನೋಡೋಕೆ ಇಷ್ಟೊಂದು ಉಲ್ಲನ್ ಸುತ್ಕೊಂಡು ಹೋಗ್ತೀಯೇನೋ?" ಎನ್ನುತ್ತಾ ಇನ್ನೊಂದು ಉಂಡೆಯನ್ನು ನನ್ನ ಮಡಿಲಿಗೆಸೆದರು. ಎಡಗಾಲಿನದು ಬಾಕಿಯಿತ್ತು.