ಚಾನೆಲ್ ಸ್ಕ್ಯಾನಿನ ಶುದ್ಧಪಾಠ: ಒಂದು ಗ್ರಂಥಸಂಪಾದನಾತ್ಮಕ ವಿವೇಚನೆ

1. ವಿಷಯಪ್ರವೇಶ

ಓಲೆಗರಿಯ ಕಟ್ಟು ಬಿಚ್ಚಿ, ಧೂಳು ಕೊಡವಿ, ಪಾಠಾಂತರಗಳನ್ನು ಪುಟದಡಿಗೆ ತಳ್ಳಿ ಶುದ್ಧಪಾಠ ಸಿದ್ಧಪಡಿಸುವ ವಿದ್ವಾಂಸರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಗೋಡೆಯ ತೂತಿನಿಂದ ಹೊರಬರುವ ಕರಿಯ ಕೇಬಲ್ ತಂತಿಯೂ ಒಂದು ಹಸ್ತಪ್ರತಿ ಭಂಡಾರವೇ ಎಂಬುದು ಅವರ ಗಮನಕ್ಕೆ ಬಂದಂತಿಲ್ಲ. ಆ ಲೋಪವನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದರಿಂದ ಯಾರಿಗೆ ಪ್ರಯೋಜನ ಎಂಬ ಪ್ರಶ್ನೆಯನ್ನು ವಿದ್ವತ್ ಸಂಪ್ರದಾಯಕ್ಕೆ ಅನುಗುಣವಾಗಿ ಕೈಬಿಡಲಾಗಿದೆ.

ಅಧ್ಯಯನದ ದೇಶ, ಅಮೆರಿಕ. ಕಾಲ, ಕೇಬಲ್ ಟಿ.ವಿ. ಡಿಜಿಟಲ್ ಆಗತೊಡಗಿದಂದಿನಿಂದ 2012ರ ಅಕ್ಟೋಬರ್‌ವರೆಗೆ. ಸಾಧನ, ಐಸಾಕ್ ರಿಚರ್ಡ್ಸ್ 2002ರಲ್ಲಿ ಆರಂಭಿಸಿದ ಮಿಥ್‌ಟಿವಿ ಎಂಬ ಮುಕ್ತ ತಂತ್ರಾಂಶ. ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಟ್ಯೂನರ್ ಕಾರ್ಡ್ ಸಿಕ್ಕಿಸಿದರೆ ಕಾರ್ಯಕ್ರಮಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಬೇಕೆನಿಸಿದಾಗ ತೋರಿಸುವುದು ಅದರ ಕಾಯಕ. ಮನೆಯಲ್ಲಿ ಆಮೇಲೆ ನೋಡಲೆಂದು ಹೀಗೆ ಇಳಿಸಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಆ ದೇಶದ ಸುಪ್ರೀಂ ಕೋರ್ಟು 1984ರಲ್ಲಿ, ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ, 5ಕ್ಕೆ 4 ಮತಗಳಿಂದ ತೀರ್ಪಿತ್ತಿದೆ. ಉಳಿದ ನಾಲ್ವರ ಭಿನ್ನಾಭಿಪ್ರಾಯವನ್ನು ಪಾಠಾಂತರವೆಂದು ಗ್ರಹಿಸತಕ್ಕದ್ದು.

2. ಆಕರ ಸಾಮಗ್ರಿ

ಕಾರ್ಯಕ್ರಮ ಇಳಿಸಿಕೊಳ್ಳುವ ಮೊದಲು ಯಾವ ಚಾನೆಲ್ ತಂತಿಯ ಯಾವ ಆವರ್ತನದಲ್ಲಿದೆ ಎಂದು ಹುಡುಕಿ ಪಟ್ಟಿ ಮಾಡಬೇಕು; ಇದೇ ಚಾನೆಲ್ ಸ್ಕ್ಯಾನ್. ತಂತಿಯೊಳಗಿನ ಪ್ರತಿಯೊಂದು ಆವರ್ತನದ ಕಟ್ಟಿನ ಅಗಲ 6 ಮೆಗಾಹರ್ಟ್ಸ್. 256-ಕ್ವಾಮ್ ಎಂಬ ಲಿಪಿಯಲ್ಲಿ ಬರೆದರೆ ಒಂದು ಕಟ್ಟಿನಲ್ಲಿ ಸೆಕೆಂಡಿಗೆ ಸುಮಾರು 38.8 ಮೆಗಾಬಿಟ್ ಹಿಡಿಯುತ್ತದೆ. ಅದರಲ್ಲಿ ಎರಡು ಎಚ್‌.ಡಿ. ಚಾನೆಲ್‌ಗಳನ್ನು ಆರಾಮಾಗಿ ಕೂರಿಸಬಹುದು, ಅಥವಾ ಸಾಮಾನ್ಯ ಚಾನೆಲ್‌ಗಳನ್ನು ಹತ್ತರ ಆಸುಪಾಸಿನಲ್ಲಿ ತುರುಕಬಹುದು. ಇಡೀ ಪ್ರವಾಹವನ್ನು 188 ಬೈಟಿನ ಗರಿಗಳಾಗಿ ಕತ್ತರಿಸಲಾಗಿದೆ. ಪ್ರತಿ ಗರಿಯ ಮೊದಲ ಬೈಟಿನ ಬೆಲೆ 71. ಎಲ್ಲ ಗರಿಗಳಿಗೂ ಒಂದೇ ಮಂಗಳಾಚರಣೆ ಇರುವುದರಿಂದ ಲಿಪಿಕಾರನು ಆಸ್ತಿಕನೆಂದು ಊಹಿಸಲು ಅಡ್ಡಿಯಿಲ್ಲ.

ಇವುಗಳ ನಡುವೆ 8191 ಎಂಬ ಗುರುತುಳ್ಳ ಗರಿಗಳೂ ಸಿಗುತ್ತವೆ. ಅವುಗಳಲ್ಲಿ ಏನೂ ಇಲ್ಲ. ನಿಗದಿತ ಅಳತೆ ತುಂಬಿಸಲೆಂದೇ ಅವನ್ನು ಸೇರಿಸಿದೆ. ಸಂಶೋಧನ ಪ್ರಬಂಧಗಳಲ್ಲಿ ಈ ಪದ್ಧತಿ ಚೆನ್ನಾಗಿ ರೂಢಿಯಲ್ಲಿರುವುದರಿಂದ ಹೆಚ್ಚಿನ ವಿವರಣೆ ಅನಗತ್ಯ.

3. ಕ್ರಮಭಂಗದ ಸಮಸ್ಯೆ

ಕಟ್ಟುಗಳನ್ನು ಆವರ್ತನದ ಕ್ರಮದಲ್ಲಿ, 54 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ, ಜೋಡಿಸಿದ ಸಂಶೋಧಕನಿಗೆ ಮೊದಲು 2ರಿಂದ 6ರವರೆಗಿನ ಅಂಕಗಳು ಸಿಗುತ್ತವೆ. ಆತ 7ನ್ನು ನಿರೀಕ್ಷಿಸುತ್ತಾನೆ. ಬರುವುದು 95. ಅಂಕಗಳು 99ರ ತನಕ ಸಾಗಿ, 14ಕ್ಕೆ ಇಳಿದು, 22ಕ್ಕೆ ನಿಂತು, ಆಮೇಲಷ್ಟೇ 7ಕ್ಕೆ ಮರಳಿ, 13 ಮುಗಿಸಿ, ಒಂದೇ ನೆಗೆತಕ್ಕೆ 23 ತಲುಪುತ್ತವೆ.

ಇದನ್ನು ಕಂಡ ಅವಸರದ ವಿಮರ್ಶಕರು ಕಟ್ಟಿನ ದಾರ ಹರಿದು ಗರಿಗಳು ಕಲಸಿಹೋಗಿವೆ ಎಂದುಬಿಡುತ್ತಾರೆ. ಅದು ಸರಿಯಲ್ಲ. 2ರಿಂದ 13ರವರೆಗಿನವು ಆಂಟೆನಾ ಕಾಲದ ಅಂಕಗಳು. ಗಾಳಿಯಲ್ಲಿ 6 ಮತ್ತು 7ರ ನಡುವೆ ಎಫ್.ಎಂ. ರೇಡಿಯೊ, ವಿಮಾನಗಳ ಸಂಭಾಷಣೆ ಮೊದಲಾದವು ವಾಸವಾಗಿದ್ದವು. ಕೇಬಲ್ ಎಂಬುದು ಮುಚ್ಚಿದ ತಂತಿ. ಅದರೊಳಗೆ ವಿಮಾನ ಹಾರುವುದಿಲ್ಲ. ಆದ್ದರಿಂದ ಕೇಬಲಿನವರು ಆ ಜಾಗವನ್ನು ಒತ್ತುವರಿ ಮಾಡಿಕೊಂಡು ಅಲ್ಲಿಗೆ ಹೊಸ ಅಂಕಗಳನ್ನು ಕೊಟ್ಟರು. ಹಾಗಾಗಿ ಇದು ಪಾಠದೋಷವಲ್ಲ, ಒತ್ತುವರಿ ಸಕ್ರಮದ ದಾಖಲೆ.

ಇಲ್ಲಿ ಶಾಖಾಭೇದವೂ ಉಂಟು. ಸಾಮಾನ್ಯ ಶಾಖೆ, ಎಚ್‌.ಆರ್‌.ಸಿ., ಐ.ಆರ್‌.ಸಿ. ಎಂಬ ಮೂರರಲ್ಲಿ ಎಚ್‌.ಆರ್‌.ಸಿ.ಯವರು ಬಹುತೇಕ ಅಂಕಗಳನ್ನು 1.25 ಮೆಗಾಹರ್ಟ್ಸ್ ಕೆಳಗೆ ಪಠಿಸುತ್ತಾರೆ. ತನ್ನ ಊರಿನ ಶಾಖೆ ಯಾವುದೆಂದು ತಿಳಿಯದೆ ಸ್ಕ್ಯಾನಿಗೆ ಕುಳಿತವನಿಗೆ ತಂತಿ ತುಂಬ ಗ್ರಂಥವಿದ್ದೂ ಒಂದಕ್ಷರವೂ ದಕ್ಕದು.

4. ಕರ್ತೃನಿರ್ಣಯ

ಪ್ರತಿ ಕಟ್ಟಿನಲ್ಲೂ ಒಂದು ಪರಿವಿಡಿ ಇರುತ್ತದೆ. ಇಂತಿಂಥ ಸಂಖ್ಯೆಯ ಕಾರ್ಯಕ್ರಮಧಾರೆ ಇಂತಿಂಥ ಗರಿಗಳಲ್ಲಿದೆ ಎಂದಷ್ಟೇ ಅದು ಹೇಳುತ್ತದೆ, ಹೆಸರು ಹೇಳುವುದಿಲ್ಲ. ಹೆಸರಿಗಾಗಿ ಪಿಸಿಪ್ ಎಂಬ ಪ್ರತ್ಯೇಕ ಪತ್ರವೊಂದನ್ನು ಪ್ರಸಾರ ಕೇಂದ್ರಗಳು ಲಗತ್ತಿಸುತ್ತಿದ್ದವು. ಕೇಬಲ್ ಕಂಪನಿಗಳಲ್ಲಿ ಹಲವು ಅದನ್ನು ದಾರಿಯಲ್ಲೇ ಕಿತ್ತುಹಾಕುತ್ತಿದ್ದವು. ಹೀಗಾಗಿ ಸ್ಕ್ಯಾನ್ ಮುಗಿದಾಗ ಸಂಶೋಧಕನ ಕೈಗೆ ಬರುವುದು, ಕಟ್ಟಿನ ಅಂಕದ ಮುಂದೆ ಧಾರೆಯ ಸಂಖ್ಯೆ ಹಚ್ಚಿದ, 85-3, 85-4, 112-1 ಎಂಬಂಥ ಅನಾಮಧೇಯ ಕೃತಿಗಳ ಉದ್ದನೆಯ ಸೂಚಿ.

ಆಗ ಒದಗಿಬರುವುದು ಅಂಕಿತ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನ ವಚನ ಎಂದು ನಿಶ್ಚಯಿಸುವ ಹಾಗೆ, ತೆರೆಯ ಕೆಳಗಿನ ಬಲಮೂಲೆಯ ಲಾಂಛನ ನೋಡಿ ಚಾನೆಲನ್ನು ನಿಶ್ಚಯಿಸಬೇಕು. ಆದರೆ ಜಾಹೀರಾತು ಬಂದಾಗ ಅಂಕಿತ ಮಾಯವಾಗುವುದುಂಟು. ಸಂಶೋಧಕನು ಕೂದಲ ಎಣ್ಣೆ, ಕಾರು, ಮೊಣಕಾಲು ನೋವಿನ ಗುಳಿಗೆಗಳನ್ನು ದಾಟಿ, ಪೆನ್ಸಿಲ್ ಹಿಡಿದು, ಮೂಲೆಯನ್ನೇ ದಿಟ್ಟಿಸುತ್ತ ಕೂರಬೇಕು. ತೆರೆಯ ನಡುವೆ ಏನು ನಡೆಯುತ್ತಿದೆ ಎಂಬುದು ಈ ಶಾಸ್ತ್ರಕ್ಕೆ ಹೊರಗಿನ ವಿಷಯ. ಕಥೆಯಲ್ಲಿ ಆಸಕ್ತಿ ಹುಟ್ಟಿದವನನ್ನು ಸಂಪಾದಕ ಮಂಡಳಿಯಿಂದ ಬಿಡುಗಡೆ ಮಾಡುವುದು ಲೇಸು.

5. ಸಂಖ್ಯಾತ್ರಯ

ಕರ್ತೃ ಸಿಕ್ಕ ಮೇಲೂ ಸಂಕಟ ಮುಗಿಯದು. ಒಂದೇ ಚಾನೆಲಿಗೆ ಮೂರು ಸಂಖ್ಯೆಗಳಿರುತ್ತವೆ. ತಂತಿಯಲ್ಲಿ ಅದು 85-3. ಪ್ರಸಾರ ಕೇಂದ್ರ ತನ್ನನ್ನು 5.1 ಎಂದು ಕರೆದುಕೊಳ್ಳುತ್ತದೆ. ಕಂಪನಿಯ ಸೆಟ್‌ಟಾಪ್ ಪೆಟ್ಟಿಗೆ ಅದನ್ನೇ 705 ಎಂದು ತೋರಿಸುತ್ತದೆ. ಕಾರ್ಯಕ್ರಮಗಳ ವೇಳಾಪಟ್ಟಿ ಒದಗಿಸುವವರು ಪೆಟ್ಟಿಗೆಯ ಮಾತನ್ನೇ ನಂಬಿ 705 ಎನ್ನುತ್ತಾರೆ. ವೇಳಾಪಟ್ಟಿಯೂ ಸುಲಭಕ್ಕೆ ದಕ್ಕಿದ್ದಲ್ಲ. ಜ್ಯಾಪ್‌ಟುಇಟ್ ಲ್ಯಾಬ್ಸ್ ಪುಕ್ಕಟೆ ಕೊಡುತ್ತಿದ್ದುದನ್ನು 2007ರಲ್ಲಿ ನಿಲ್ಲಿಸಿದಾಗ, ಬಳಕೆದಾರರೇ ಚಂದಾ ಕಟ್ಟುವ ಷೆಡ್ಯೂಲ್ಸ್ ಡೈರೆಕ್ಟ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿಕೊಂಡಿತು.

ಈ ಮೂರನ್ನೂ ಒಂದು ಸಾಲಿನಲ್ಲಿ ಕಟ್ಟುವ ಕೆಲಸ ಸಂಪಾದಕನದು. ಸಾಲು ತಪ್ಪಿದರೂ ತಂತ್ರಾಂಶ ದೂರುವುದಿಲ್ಲ. ಅದು ಹೇಳಿದ ಹೊತ್ತಿಗೆ ಏಳುತ್ತದೆ, ಹೇಳಿದ ಚಾನೆಲಿಗೆ ಹೋಗುತ್ತದೆ, ಚಾನೆಲಿನ ಗುರುತುಸಂಖ್ಯೆ, ದಿನಾಂಕ, ಗಂಟೆ, ನಿಮಿಷ, ಸೆಕೆಂಡುಗಳನ್ನೆಲ್ಲ ಪೋಣಿಸಿ ಕಡತಕ್ಕೆ ಹೆಸರಿಡುತ್ತದೆ, ಮತ್ತು ಫುಟ್ಬಾಲ್ ಫೈನಲ್ ಎಂಬ ಶೀರ್ಷಿಕೆಯಡಿ ಮೂರು ಗಂಟೆಯ ಜಿರ್ಕಾನ್ ಉಂಗುರಗಳ ಮಾರಾಟವನ್ನು ಅಚ್ಚುಕಟ್ಟಾಗಿ ಕಾಪಿಡುತ್ತದೆ. ಕಾಲ, ಸ್ಥಳ, ಶೀರ್ಷಿಕೆ ಎಲ್ಲವೂ ಇದ್ದು ವಸ್ತು ಮಾತ್ರ ಬೇರೆಯಾದ ಇಂಥ ಕೃತಿಗಳು ನಮ್ಮ ವಿಶ್ವವಿದ್ಯಾಲಯಗಳಲ್ಲೂ ದೊರೆಯುತ್ತವೆ.

6. ಪರಹಸ್ತ ಪಾಠಗಳು

ಸ್ಕ್ಯಾನಿನಲ್ಲಿ ಆಗಾಗ 89-1013ರಂಥ ಅಸಹಜ ಅಂಕಗಳು ಕಾಣಿಸಿಕೊಳ್ಳುತ್ತವೆ. ತೆರೆದು ನೋಡಿದರೆ ಸಿನಿಮಾ. ಜಾಹೀರಾತಿಲ್ಲ, ಅಂಕಿತವಿಲ್ಲ. ಇದ್ದಕ್ಕಿದ್ದಂತೆ ಚಿತ್ರ ನಿಲ್ಲುತ್ತದೆ. ಕೆಲವು ನಿಮಿಷಗಳ ಬಳಿಕ, ನಿಂತಲ್ಲಿಂದ ಸ್ವಲ್ಪ ಹಿಂದಕ್ಕೆ ಸರಿದು, ಮತ್ತೆ ಹೊರಡುತ್ತದೆ. ಇದು ನೆರೆಹೊರೆಯವರು ಯಾರೋ ದುಡ್ಡು ಕೊಟ್ಟು ತರಿಸಿಕೊಂಡ ಚಿತ್ರ. ಗೂಢಲಿಪಿಯ ಬೀಗ ಹಾಕದೆ ಕಳಿಸಿದ್ದರಿಂದ ಬೀದಿಯ ಟ್ಯೂನರುಗಳಿಗೆಲ್ಲ ಗೋಚರ. ಆ ಅಜ್ಞಾತ ಮಹನೀಯರು ಬಚ್ಚಲಿಗೆ ಎದ್ದುಹೋದರೆ ಇಲ್ಲಿ ಸಂಶೋಧನೆ ಸ್ಥಗಿತ. ಅವರು ಮರಳಿ, ಅರ್ಥವಾಗದ ಸಂಭಾಷಣೆಯನ್ನು ಇನ್ನೊಮ್ಮೆ ಕೇಳಿದರೆ ಇಲ್ಲಿಯೂ ಪುನರುಕ್ತಿದೋಷ. ನಾಳೆ ಸ್ಕ್ಯಾನ್ ಮಾಡಿದರೆ ಆ ಅಂಕವೇ ಇರುವುದಿಲ್ಲ. ಇಂಥವನ್ನು ಪ್ರಕ್ಷಿಪ್ತವೆಂದು ತೆಗೆದುಹಾಕಬೇಕೆಂಬುದು ಶಾಸ್ತ್ರ. ಸಿನಿಮಾ ಮುಗಿದ ಮೇಲೆ ತೆಗೆದರೂ ಸಾಕೆಂಬುದು ಶಿಷ್ಟಾಚಾರ.

ಇನ್ನೂ ಸೂಕ್ಷ್ಮವಾದ ಪ್ರಕರಣವೊಂದಿದೆ. ಜಾಗ ಉಳಿಸಲು ಕೆಲವು ಊರುಗಳಲ್ಲಿ ಕಂಪನಿಗಳು ಎಲ್ಲ ಚಾನೆಲ್‌ಗಳನ್ನೂ ಸದಾ ತಂತಿಗೆ ಇಳಿಸುವುದಿಲ್ಲ. ಆ ಬಡಾವಣೆಯಲ್ಲಿ ಯಾರಾದರೊಬ್ಬರ ಪೆಟ್ಟಿಗೆ ಕೇಳಿದಾಗ ಮಾತ್ರ ಚಾನೆಲ್ ಹುಟ್ಟುತ್ತದೆ, ಎಲ್ಲರೂ ಬಿಟ್ಟಾಗ ಅಳಿಯುತ್ತದೆ. ನೋಡುವವನಿದ್ದರೆ ಮಾತ್ರ ನೋಟ ಎಂಬ ದೃಷ್ಟಿಸೃಷ್ಟಿವಾದವನ್ನು ನಮ್ಮ ವೇದಾಂತಿಗಳು ಶತಮಾನಗಳ ಕಾಲ ತರ್ಕದಲ್ಲೇ ಉಳಿಸಿಕೊಂಡಿದ್ದರು. ಅದನ್ನು ತಿಂಗಳ ಬಾಡಿಗೆಗೆ ಮನೆಮನೆಗೂ ಒದಗಿಸಿದ ಕೀರ್ತಿ ಕೇಬಲ್ ಕಂಪನಿಗಳದು. ಪಾಪ, ನಮ್ಮ ಟ್ಯೂನರ್ ಕಾರ್ಡಿಗೆ ಕೇಳಲು ಬಾಯಿಲ್ಲ. ಅದು ಬರೀ ದ್ರಷ್ಟಾರ.

7. ಸಂಪಾದನೆಯ ಮೂರು ಪಂಥಗಳು

ಸ್ಕ್ಯಾನ್ ಮುಗಿದೊಡನೆ ಮಿಥ್‌ಟಿವಿ ಹೊಸ ಚಾನೆಲ್‌ಗಳ ವಿಷಯದಲ್ಲಿ ಸಂಪಾದಕನ ಮುಂದೆ ಆಯ್ಕೆಗಳನ್ನಿಡುತ್ತದೆ: ಎಲ್ಲವನ್ನೂ ಸೇರಿಸು, ಒಂದೊಂದಾಗಿ ಕೇಳಿ ಸೇರಿಸು, ಎಲ್ಲವನ್ನೂ ಬಿಟ್ಟುಬಿಡು. ಇವುಗಳ ಸುತ್ತ ಮೂರು ಪಂಥಗಳು ಬೆಳೆದಿವೆ.

ಸರ್ವಸಂಗ್ರಹವಾದಿಗಳು ಮೊದಲನೆಯದನ್ನು ಒತ್ತುತ್ತಾರೆ. ಸಂಗೀತದ ಬರಿಗಪ್ಪು ಪರದೆಗಳು, ಭಾಷೆ ತಿಳಿಯದ ಚಾನೆಲ್‌ಗಳು, ನಗರಸಭೆಯ ಕುರ್ಚಿಗಳ ನೇರಪ್ರಸಾರ ಎಲ್ಲವೂ ಅವರ ಆವೃತ್ತಿಯಲ್ಲಿರುತ್ತವೆ. ವಿಮರ್ಶಾವಾದಿಗಳು ಎರಡನೆಯದನ್ನು ಆರಿಸಿ ಪ್ರತಿ ಚಾನೆಲಿಗೂ ಹೆಸರು, ಸಂಖ್ಯೆ, ವೇಳಾಪಟ್ಟಿಯ ಕೊಂಡಿಗಳನ್ನು ಬೆರಳಚ್ಚು ಮಾಡುತ್ತಾರೆ; ಇವರ ಕೆಲಸ ಮುಗಿದದ್ದನ್ನು ಕಂಡವರಿಲ್ಲ. ಮೂರನೆಯವರು ವಿರಕ್ತರು. ಸ್ಕ್ಯಾನ್ ಮಾಡುತ್ತಾರೆ, ಸಿಕ್ಕಿದ್ದನ್ನೆಲ್ಲ ಬಿಡುತ್ತಾರೆ.

ಮೊದಲು ಸಿಕ್ಕಿ ಈಗ ಕಾಣೆಯಾದ ಚಾನೆಲ್‌ಗಳ ವಿಷಯದಲ್ಲೂ ಮತಭೇದ ಉಂಟು. ಅಳಿಸಬಹುದು, ಕಣ್ಣಿಗೆ ಬೀಳದಂತೆ ಅಡಗಿಸಬಹುದು, ಹಾಗೇ ಬಿಡಬಹುದು. ಈ ಪ್ರಬಂಧ ಅಡಗಿಸುವ ಪಕ್ಷಪಾತಿ. ಅಳಿಸಿದರೆ ಅದಕ್ಕಾಗಿ ಕೂಡಿಸಿದ ಹೆಸರು, ಕೊಂಡಿ, ಲಾಂಛನ ಎಲ್ಲವೂ ಹೋಗುತ್ತವೆ. ಅಡಗಿಸಿದ್ದನ್ನು ಒಂದು ಗುರುತು ಹಾಕಿ ಮರಳಿ ಕರೆಯಬಹುದು. ಮನೆಮಂದಿಗೆ ತಿಳಿಯದಂತೆ ಕೆಲವು ಚಾನೆಲ್‌ಗಳನ್ನು ಕಾಣೆಯಾಗಿಸಲೂ ಇದೇ ಗುರುತು ಉಪಯುಕ್ತವೆಂದು ಪ್ರಾಜ್ಞರು ಬಲ್ಲರು.

8. ಮರುಸ್ಕ್ಯಾನ್

ಇಷ್ಟೆಲ್ಲ ಆದ ಮೇಲೆ ಒಂದು ರಾತ್ರಿ ಕಂಪನಿ ಕಟ್ಟುಗಳ ಜಾಗ ಬದಲಿಸುತ್ತದೆ. 85-3 ಎಂಬುದು 91-7 ಆಗುತ್ತದೆ. ಪೆಟ್ಟಿಗೆಯ 705 ಕದಲುವುದಿಲ್ಲವಾದ್ದರಿಂದ ಉಳಿದ ಗಿರಾಕಿಗಳಿಗೆ ಏನೂ ತಿಳಿಯದು. ಬೆಳಿಗ್ಗೆ ಮನೆಯವರು ಕೇಳುವ, “ರೀ, ನಿನ್ನೆಯ ಧಾರಾವಾಹಿ ಎಲ್ಲಿ?” ಎಂಬ ಪ್ರಶ್ನೆಯೇ ಪಾಠಭ್ರಂಶದ ಮೊದಲ ಬಾಹ್ಯ ಪ್ರಮಾಣ.

ಅಂಥ ಗಳಿಗೆಯಲ್ಲಿ ಪೂರ್ತಿ ಸ್ಕ್ಯಾನಿಗೆ ಧಾವಿಸುವುದು ಆತುರ. ಹಳೆಯ ಅನಾಮಧೇಯರ ಪಕ್ಕದಲ್ಲಿ ಹೊಸ ಅನಾಮಧೇಯರು ಕುಳಿತು ಪಟ್ಟಿ ಇಮ್ಮಡಿಯಾಗುತ್ತದೆ. ಶಾಸ್ತ್ರೋಕ್ತ ಕ್ರಮ ಹೀಗಿದೆ: ಮೊದಲು ಹಿನ್ನೆಲೆಯಲ್ಲಿ ಓಡುವ ಬ್ಯಾಕೆಂಡನ್ನು ನಿಲ್ಲಿಸಬೇಕು. ದತ್ತಸಂಚಯದ ಪ್ರತಿಯೊಂದನ್ನು ಬೇರೆಡೆ ಇರಿಸಬೇಕು. ಹಳೆಯ ಕಟ್ಟುಗಳೊಳಗೇ ಚಾನೆಲ್ ಅಂಕ ಬದಲಾಗಿದ್ದರೆ ಗೊತ್ತಿರುವ ಕಟ್ಟುಗಳನ್ನಷ್ಟೇ ಮರುಸ್ಕ್ಯಾನ್ ಮಾಡಬೇಕು. ಕಟ್ಟೇ ಹೊಸದಾಗಿದ್ದರೆ ಅದೊಂದನ್ನು ಕೈಯಾರೆ ಸೇರಿಸಬೇಕು. ಕಾಯುವ ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ ತುಸು ಹಿಗ್ಗಿಸಬೇಕು, ಏಕೆಂದರೆ ನಿಧಾನಿ ಟ್ಯೂನರ್ ಕಣ್ಣು ತೆರೆಯುವ ಮೊದಲೇ ಸ್ಕ್ಯಾನರ್ ಏನೂ ಇಲ್ಲವೆಂದು ಷರಾ ಬರೆದು ಮುಂದಿನ ಕಟ್ಟಿಗೆ ಹೋಗುವುದುಂಟು. ಈ ಕ್ರಮವನ್ನು ತಪ್ಪದೆ ಪಾಲಿಸಿದವನ ಪಟ್ಟಿ, ಕಂಪನಿ ಮತ್ತೊಮ್ಮೆ ಜಾಗ ಬದಲಿಸುವವರೆಗೂ ಶುದ್ಧವಾಗಿರುತ್ತದೆ.

9. ಬೀಗಪರ್ವ

ಸ್ಥಳೀಯ ಪ್ರಸಾರ ಕೇಂದ್ರಗಳಿರುವ ಮೂಲ ಶ್ರೇಣಿಗೆ ಬೀಗ ಹಾಕಕೂಡದೆಂಬ ನಿಯಮವೇ ಅಮೆರಿಕದ ಈ ಪಾಂಡಿತ್ಯಕ್ಕೆಲ್ಲ ಅನ್ನದಾತವಾಗಿತ್ತು. 2012ರ ಅಕ್ಟೋಬರಿನಲ್ಲಿ ಅಲ್ಲಿನ ಫೆಡರಲ್ ಸಂಪರ್ಕ ಆಯೋಗ, ಪೂರ್ತಿ ಡಿಜಿಟಲ್ ಆದ ಕೇಬಲ್ ಜಾಲಗಳು ಅದಕ್ಕೂ ಬೀಗ ಹಾಕಬಹುದೆಂದು ಅಪ್ಪಣೆ ಕೊಟ್ಟಿತು. ಸಂಪರ್ಕ ಕೊಡಲೂ ಕಡಿಯಲೂ ಇನ್ನು ಆಳು ಮನೆಗೆ ಬರಬೇಕಿಲ್ಲ, ದೂರದಿಂದಲೇ ಆಗುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಕೇಬಲ್‌ಕಾರ್ಡ್ ಎಂಬ ಬೀಗದಕೈ ಬಾಡಿಗೆಗೆ ಸಿಗುತ್ತಿತ್ತು, ನಿಜ. ಆದರೆ ಅದರ ಜತೆ ಕಂಪನಿಯೇ ಚಾನೆಲ್ ಪಟ್ಟಿಯನ್ನೂ ಕೊಟ್ಟುಬಿಡುತ್ತಿತ್ತು, ‘ಧಾರಾಳ ನಕಲಿಸಿ’ ಎಂಬ ಮುದ್ರೆಯಿಲ್ಲದ ಚಾನೆಲ್‌ಗಳನ್ನು ಮಿಥ್‌ಟಿವಿಗೆ ಮುಟ್ಟಗೊಡುತ್ತಿರಲಿಲ್ಲ. ಸಂಪಾದಕನಿಗೆ ಕೆಲಸವಿಲ್ಲದ ಆವೃತ್ತಿಯನ್ನು ಈ ಪ್ರಬಂಧ ಮಾನ್ಯ ಮಾಡುವುದಿಲ್ಲ.

ಭಾರತ ಈ ತೊಳಲಾಟಕ್ಕೆ ಆಸ್ಪದವನ್ನೇ ಕೊಡಲಿಲ್ಲ. ಕೇಬಲ್ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಂತೆ ಡಿಜಿಟಲ್ ಕೇಬಲ್ ಹುಟ್ಟುವಾಗಲೇ ಬೀಗ ಹಾಕಿಕೊಂಡು ಹುಟ್ಟಬೇಕಾಯಿತು. ಬೆಂಗಳೂರು, ಮೈಸೂರುಗಳಿದ್ದ ಎರಡನೆಯ ಹಂತಕ್ಕೆ 2013ರ ಮಾರ್ಚ್ 31ರ ಗಡುವು ಇತ್ತು. ನಮ್ಮ ಕೇಬಲ್ ಯುರೋಪಿನ ಡಿವಿಬಿ-ಸಿ ಪದ್ಧತಿಯದಾದ್ದರಿಂದ ಪ್ರತಿ ಚಾನೆಲಿನ ಹೆಸರನ್ನು ತಂತಿಯಲ್ಲೇ ಬರೆದು ಕಳಿಸುವ ಏರ್ಪಾಡಿದೆ. ಅಮೆರಿಕದ ಸಂಶೋಧಕನಿಗೆ ಕೃತಿ ಓದಲು ಬರುತ್ತಿತ್ತು, ಕರ್ತೃ ತಿಳಿಯುತ್ತಿರಲಿಲ್ಲ. ನಮ್ಮವನಿಗೆ ಕರ್ತೃ ತಿಳಿಯುತ್ತದೆ, ಕೃತಿ ಓದಲು ಬರುವುದಿಲ್ಲ. ಎರಡೂ ದೇಶಗಳ ವಿದ್ವಾಂಸರು ಕೂಡಿದರೆ ಪರಿಪೂರ್ಣ ಅಜ್ಞಾನ ಸಾಧ್ಯ.

10. ಸಿದ್ಧಾಂತ

ಬೀಗ ಬಿದ್ದ ತಂತಿಯ ಮೇಲೆ, ಬೀಗವಿಲ್ಲದವನ್ನು ಮಾತ್ರ ಸೇರಿಸು ಎಂದು ಗುರುತು ಹಾಕಿ, ಪೂರ್ತಿ ಸ್ಕ್ಯಾನ್ ನಡೆಸಿದಾಗ ದೊರೆಯುವ ಚಾನೆಲ್‌ಗಳ ಸಂಖ್ಯೆ ಸೊನ್ನೆ. ಸಾಮಾನ್ಯರು ಇದನ್ನು ಸೋಲೆಂದು ಭಾವಿಸಿ ಕಂಪನಿಯ ಪೆಟ್ಟಿಗೆ ಬಾಡಿಗೆಗೆ ತರುತ್ತಾರೆ. ವಿದ್ವಾಂಸರು ಹಾಗೆ ಧೃತಿಗೆಡಬಾರದು. ಈ ಪಟ್ಟಿಯಲ್ಲಿ ಕ್ರಮಭಂಗವಿಲ್ಲ, ಅನಾಮಧೇಯರಿಲ್ಲ, ಒಂದಕ್ಕೆ ಮೂರು ಸಂಖ್ಯೆಯಿಲ್ಲ, ನೆರೆಯವರ ಸಿನಿಮಾ ಇಲ್ಲ. ಸೇರಿಸು, ಕೇಳು, ಬಿಡು ಎಂಬ ಮೂರೂ ಪಂಥಗಳು ಇಲ್ಲಿ ಒಂದೇ ಫಲಿತಾಂಶಕ್ಕೆ ಬರುತ್ತವೆ. ಎಷ್ಟು ಸಲ ಮರುಸ್ಕ್ಯಾನ್ ಮಾಡಿದರೂ ಪಾಠ ಕದಲುವುದಿಲ್ಲ. ಗ್ರಂಥಸಂಪಾದನೆಯ ಇತಿಹಾಸದಲ್ಲಿ ಒಂದೂ ಪಾಠಾಂತರವಿಲ್ಲದ ಮೊದಲ ಪರಿಷ್ಕೃತ ಆವೃತ್ತಿ ಇದೆಂದು ಸಾರಲು ಪ್ರಸ್ತುತ ಲೇಖಕನಿಗೆ ಸಂತೋಷವಾಗುತ್ತದೆ. ಎರಡನೆಯ ಮುದ್ರಣ ಬೇಕಾಗಲಾರದು.